ಸಿಹಿತಿನಿಸುಗಳಿಗೆ ಮನೆಯಲ್ಲೇ ಹಣ್ಣಿನ ಗ್ಲೇಜ್: ಸಮಗ್ರ ಮಾರ್ಗದರ್ಶಿ

ಕೇಕ್, ಟಾರ್ಟ್, ಚೀಸ್‌ಕೇಕ್, ಪುಡಿಂಗ್ ಮುಂತಾದ ತಿನಿಸುಗಳ ಮೇಲೆ ಕನ್ನಡಿಯಂತೆ ಮಿನುಗುವ ಬಣ್ಣದ ತೆಳುಪದರವನ್ನು ಗ್ಲೇಜ್ ಎನ್ನುತ್ತಾರೆ. ಅಂದ ಕೊಡುವುದರ ಜೊತೆಗೆ ಅದು ಬೇರೆ ಕೆಲಸಗಳನ್ನೂ ಮಾಡುತ್ತದೆ. ಕತ್ತರಿಸಿದ ಹಣ್ಣಿಗೆ ಗಾಳಿ ತಾಗದಂತೆ ತಡೆದು ಅದು ಕಂದುಗಟ್ಟುವುದನ್ನು ನಿಧಾನಗೊಳಿಸುತ್ತದೆ, ಕೇಕಿನ ಮೇಲ್ಭಾಗ ಒಣಗದಂತೆ ಕಾಪಾಡುತ್ತದೆ, ಬೆಣ್ಣೆ ಮತ್ತು ಕೆನೆಯಿಂದ ಭಾರವಾದ ತಿನಿಸಿಗೆ ಬೇಕಾದ ಹುಳಿಯನ್ನು ಒದಗಿಸುತ್ತದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಗ್ಲೇಜ್‌ಗಳಲ್ಲಿ ಸಕ್ಕರೆ ಮತ್ತು ಕೃತಕ ಬಣ್ಣವೇ ಮುಂದಾಗಿ ಹಣ್ಣಿನ ರುಚಿ ಹಿಂದೆ ಉಳಿಯುವುದುಂಟು. ಮನೆಯಲ್ಲಿ ಮಾಡಿದಾಗ ಸಿಹಿ, ಹುಳಿ, ಗಟ್ಟಿತನ ಮೂರೂ ನಮ್ಮ ಕೈಯಲ್ಲಿರುತ್ತವೆ.

ಹೊಳಪು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಪ್ರತಿಯೊಂದು ಹಂತದ ಉದ್ದೇಶವೂ ಸ್ಪಷ್ಟವಾಗುತ್ತದೆ. ನಯವಾದ ಮೇಲ್ಮೈ ಬೆಳಕನ್ನು ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ. ಅದರಲ್ಲಿ ನಾರು, ಗುಳ್ಳೆ ಅಥವಾ ಬೇಯದ ಪಿಷ್ಟದ ಕಣಗಳಿದ್ದರೆ ಬೆಳಕು ಚದುರಿ ಪದರ ಮಬ್ಬಾಗಿ ಕಾಣುತ್ತದೆ. ಆದ್ದರಿಂದ ಈ ಕೆಲಸದಲ್ಲಿ ನಿರ್ಣಾಯಕವಾದವು ಎರಡು: ರಸವನ್ನು ಚೆನ್ನಾಗಿ ಸೋಸುವುದು ಮತ್ತು ಅದನ್ನು ಗಟ್ಟಿಗೊಳಿಸುವ ಪದಾರ್ಥವನ್ನು ಅದಕ್ಕೆ ತಕ್ಕ ಶಾಖದಲ್ಲಿ ಬೇಯಿಸುವುದು. ದುಬಾರಿ ಹಣ್ಣಾಗಲಿ ವಿಶೇಷ ಉಪಕರಣವಾಗಲಿ ಈ ಎರಡರ ಕೊರತೆಯನ್ನು ತುಂಬಲಾರವು.

ಮೊದಲು ತೀರ್ಮಾನಿಸಬೇಕಾದದ್ದು: ಯಾವುದರಿಂದ ಗಟ್ಟಿಯಾಗಬೇಕು?

ಹಣ್ಣನ್ನು ಆರಿಸುವುದಕ್ಕಿಂತ ಮುಂಚೆ, ಗ್ಲೇಜ್ ಯಾವ ತಿನಿಸಿನ ಮೇಲೆ ಕೂರಬೇಕು ಮತ್ತು ಎಷ್ಟು ಹೊತ್ತು ಹೊರಗೆ ನಿಲ್ಲಬೇಕು ಎಂದು ಯೋಚಿಸುವುದು ಒಳ್ಳೆಯದು, ಏಕೆಂದರೆ ಗಟ್ಟಿಗೊಳಿಸುವ ಪದಾರ್ಥವನ್ನು ಈ ಉತ್ತರವೇ ನಿರ್ಧರಿಸುತ್ತದೆ.

ಮನೆಯ ಅಡುಗೆಗೆ ಅತ್ಯಂತ ಅನುಕೂಲವಾದದ್ದು ಕಾರ್ನ್‌ಫ್ಲೋರ್, ಅಂದರೆ ಮೆಕ್ಕೆಜೋಳದ ಬಿಳಿ ಪಿಷ್ಟ. ಮೆಕ್ಕೆಜೋಳವನ್ನು ಇಡಿಯಾಗಿ ಬೀಸಿದ ಹಳದಿ ಹಿಟ್ಟು ಇದಲ್ಲ. ಅದನ್ನು ಹಾಕಿದರೆ ಗ್ಲೇಜ್ ಗಂಜಿಯಾಗುತ್ತದೆ. ಕಾರ್ನ್‌ಫ್ಲೋರಿನ ಗ್ಲೇಜ್ ಮೃದುವಾಗಿ, ಚಮಚದಲ್ಲಿ ಜಾರುವಂತೆ ಇರುತ್ತದೆ, ಬೇಗ ಸಿದ್ಧವಾಗುತ್ತದೆ, ಹದ ತಪ್ಪಿದರೂ ಸರಿಪಡಿಸಲು ಅವಕಾಶ ಕೊಡುತ್ತದೆ. ಅದರ ದೌರ್ಬಲ್ಯ ಎರಡು: ಪೂರ್ಣ ಪಾರದರ್ಶಕವಾಗುವುದಿಲ್ಲ, ಮತ್ತು ಫ್ರೀಜರಿನಲ್ಲಿಟ್ಟು ಹೊರತೆಗೆದಾಗ ನೀರು ಬಿಡುತ್ತದೆ. ತಿನಿಸನ್ನು ಹೆಪ್ಪುಗಟ್ಟಿಸಿಡುವ ಉದ್ದೇಶವಿದ್ದರೆ ಮರಗೆಣಸಿನ ಪಿಷ್ಟ ಮೇಲು. ಅದು ಹೆಚ್ಚು ತಿಳಿಯಾಗಿಯೂ ಇರುತ್ತದೆ. ಆರಾರೂಟ್ ಪಿಷ್ಟದ ಹೊಳಪು ಬಹಳ ಚೆನ್ನ, ಆದರೆ ಕುದಿಗೆ ಬರುವ ಮೊದಲೇ ಗಟ್ಟಿಯಾಗುವ ಅದನ್ನು ಹೆಚ್ಚು ಹೊತ್ತು ಬೇಯಿಸಿದರೆ ಮತ್ತೆ ತೆಳ್ಳಗಾಗುತ್ತದೆ. ಗೋಧಿ ಅಥವಾ ಮೈದಾ ಹಿಟ್ಟನ್ನು ಈ ಕೆಲಸಕ್ಕೆ ಬಳಸದಿರುವುದೇ ಲೇಸು. ಬಣ್ಣ ಮಂಕಾಗುತ್ತದೆ, ಹಿಟ್ಟಿನ ವಾಸನೆಯೂ ಉಳಿಯುತ್ತದೆ.

ಕತ್ತರಿಸಿದಾಗ ಅಂಚು ನೇರವಾಗಿ ನಿಲ್ಲುವ ಪದರ ಬೇಕಾದರೆ ಜೆಲಾಟಿನ್ ಅಥವಾ ಅಗರ್ ಅಗರ್ ಬೇಕಾಗುತ್ತದೆ. ಪ್ರಾಣಿಮೂಲದ ಜೆಲಾಟಿನ್ ಬಾಯಲ್ಲಿ ಕರಗುವ ಸುಖ ಕೊಡುತ್ತದೆ, ಆದರೆ 30ರಿಂದ 35 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕರಗುವುದರಿಂದ ಬಿಸಿ ಕೋಣೆಯಲ್ಲಿ ಇಳಿದುಹೋಗುತ್ತದೆ. ಕಡಲಪಾಚಿಯಿಂದ ತೆಗೆಯುವ ಅಗರ್ ಅಗರ್ ಸಸ್ಯಾಹಾರಿಗಳಿಗೂ ಸಲ್ಲುತ್ತದೆ, ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿಯವರೆಗೆ ಕರಗದೆ ನಿಲ್ಲುತ್ತದೆ. ಪ್ರಮಾಣ ಸ್ವಲ್ಪ ಹೆಚ್ಚಾದರೂ ತುಂಡುತುಂಡಾಗಿ ಮುರಿಯುವ ಬಿರುಸು ಮಾತ್ರ ಅದರ ದೋಷ. ಇವೆಲ್ಲದರ ಜೊತೆಗೆ ಹಣ್ಣಿನಲ್ಲೇ ಇರುವ ಪೆಕ್ಟಿನ್ ಇದೆ. ಅದನ್ನು ಮುಂದೆ ಪ್ರತ್ಯೇಕವಾಗಿ ನೋಡೋಣ.

ಹಣ್ಣು, ಸಕ್ಕರೆ, ಹುಳಿ, ಪಾತ್ರೆ

ಗ್ಲೇಜಿಗೆ ಪೂರ್ತಿ ಮಾಗಿದ, ಸುವಾಸನೆ ತುಂಬಿದ ಹಣ್ಣು ಬೇಕು. ಆಕಾರ ಕೆಟ್ಟಿದ್ದರೂ, ಸ್ವಲ್ಪ ಮೆತ್ತಗಾಗಿದ್ದರೂ ತೊಂದರೆಯಿಲ್ಲ; ಕೊಳೆತ ಅಥವಾ ಬೂಷ್ಟು ಹಿಡಿದ ಹಣ್ಣನ್ನು ಮಾತ್ರ ಖಂಡಿತ ಬಳಸಬಾರದು. ಹೆಪ್ಪುಗಟ್ಟಿಸಿದ ಹಣ್ಣು ಈ ಕೆಲಸಕ್ಕೆ ತಾಜಾ ಹಣ್ಣಿನಷ್ಟೇ ಯೋಗ್ಯ. ಹೆಪ್ಪುಗಟ್ಟುವಾಗ ಮೂಡುವ ಮಂಜಿನ ಹರಳುಗಳು ಹಣ್ಣಿನ ಕೋಶಗಳ ಗೋಡೆಯನ್ನು ಒಡೆಯುವುದರಿಂದ ರಸ ಸುಲಭವಾಗಿ ಹೊರಬರುತ್ತದೆ. ಕರಗುವಾಗ ಇಳಿದ ನೀರನ್ನು ಚೆಲ್ಲದೆ ಅದನ್ನೂ ಸೇರಿಸಿಕೊಳ್ಳಬೇಕು, ಬಣ್ಣ ಮತ್ತು ರುಚಿಯ ದೊಡ್ಡ ಪಾಲು ಅದರಲ್ಲೇ ಇರುತ್ತದೆ.

ಸಕ್ಕರೆ ಹಣ್ಣಿನ ತೂಕದ ಐದನೇ ಒಂದು ಭಾಗದಷ್ಟಿದ್ದರೆ ಸಾಮಾನ್ಯವಾಗಿ ಸಾಕು. ನಿಂಬೆರಸವನ್ನು ಬಿಡಬಾರದು. ಹುಳಿಯಿಲ್ಲದ ಗ್ಲೇಜ್ ಎಷ್ಟೇ ಹೊಳೆದರೂ ನಾಲಿಗೆಗೆ ಸಪ್ಪೆ. ಅದಕ್ಕಿಂತ ಮುಖ್ಯವಾಗಿ, ಸ್ಟ್ರಾಬೆರಿ, ರಾಸ್‌ಬೆರಿ, ಚೆರಿ, ಬ್ಲೂಬೆರಿಗಳಿಗೆ ಬಣ್ಣ ಕೊಡುವ ಆಂಥೋಸಯನಿನ್ ಎಂಬ ವರ್ಣದ್ರವ್ಯ ಆಮ್ಲೀಯ ರಸದಲ್ಲಿ ಕೆಂಪಾಗಿ ಉಳಿದು, ಹುಳಿ ಕಡಿಮೆಯಾದಂತೆ ನೀಲಿ ಅಥವಾ ಬೂದು ಛಾಯೆಗೆ ತಿರುಗುತ್ತದೆ. ಒಂದು ಚಿಟಿಕೆ ಉಪ್ಪು ಸಿಹಿಯ ಮೊಂಡುತನವನ್ನು ತಗ್ಗಿಸುತ್ತದೆ.

ಪಾತ್ರೆ ಸ್ಟೇನ್‌ಲೆಸ್ ಸ್ಟೀಲಿನದ್ದೋ ಎನಾಮೆಲ್ ಲೇಪದ್ದೋ ಆಗಿರಲಿ, ತಳ ದಪ್ಪವಿರಲಿ. ಕಬ್ಬಿಣ, ಲೇಪವಿಲ್ಲದ ಅಲ್ಯೂಮಿನಿಯಂ, ಕಲಾಯಿಯಿಲ್ಲದ ತಾಮ್ರ ಅಥವಾ ಹಿತ್ತಾಳೆಯ ಪಾತ್ರೆಗಳು ಹುಳಿಯೊಂದಿಗೆ ವರ್ತಿಸಿ ಬಣ್ಣವನ್ನೂ ರುಚಿಯನ್ನೂ ಕೆಡಿಸುತ್ತವೆ. ಇವಲ್ಲದೆ ಸಣ್ಣ ಕಣ್ಣಿನ ಜರಡಿ, ತೆಳುವಾದ ಹತ್ತಿಬಟ್ಟೆ, ಮೃದುವಾದ ಅಡುಗೆ ಬ್ರಷ್ ಮತ್ತು ಸಾಧ್ಯವಿದ್ದರೆ ಗ್ರಾಂ ತೋರಿಸುವ ತಕ್ಕಡಿ ಇರಲಿ. ಪಿಷ್ಟ, ಅಗರ್‌ಗಳಂಥ ಪದಾರ್ಥಗಳಲ್ಲಿ ಎರಡು ಗ್ರಾಂ ವ್ಯತ್ಯಾಸವೂ ಫಲಿತಾಂಶವನ್ನು ಬದಲಿಸುವುದರಿಂದ ತಕ್ಕಡಿ ಇಲ್ಲಿ ನಿಜವಾಗಿ ಉಪಯುಕ್ತ.

ಮೂಲ ವಿಧಾನ: ಸ್ಟ್ರಾಬೆರಿ ಗ್ಲೇಜ್

ಈ ಒಂದು ವಿಧಾನ ಕೈಗೆ ಕುಳಿತರೆ ಉಳಿದ ಹಣ್ಣುಗಳಿಗೆ ಅದನ್ನು ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಬೇಕಾದ ಸಾಮಗ್ರಿಗಳು: ತೊಟ್ಟು ತೆಗೆದ ಸ್ಟ್ರಾಬೆರಿ 500 ಗ್ರಾಂ, ಸಕ್ಕರೆ 100 ಗ್ರಾಂ, ನೀರು 60 ಮಿಲಿಲೀಟರ್, ನಿಂಬೆರಸ ಒಂದು ದೊಡ್ಡ ಚಮಚ, ಉಪ್ಪು ಒಂದು ಚಿಟಿಕೆ, ಮತ್ತು ಕಾರ್ನ್‌ಫ್ಲೋರ್. ಕಾರ್ನ್‌ಫ್ಲೋರಿನ ಪ್ರಮಾಣವನ್ನು ಈಗಲೇ ನಿಗದಿ ಮಾಡುವಂತಿಲ್ಲ. ಸೋಸಿದ ರಸ ಎಷ್ಟು ಸಿಗುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಇಷ್ಟು ಹಣ್ಣಿನಿಂದ 20 ಸೆಂಟಿಮೀಟರ್ ವ್ಯಾಸದ ಕೇಕಿನ ಮೇಲ್ಮೈಗೆ ಧಾರಾಳವಾಗಿ ಸಾಲುವಷ್ಟು ಗ್ಲೇಜ್ ಆಗುತ್ತದೆ.

ಮೊದಲ ಹಂತದಲ್ಲಿ ಹಣ್ಣನ್ನು ತೊಟ್ಟಿನ ಸಮೇತ ತೊಳೆದು, ಆಮೇಲೆ ತೊಟ್ಟು ತೆಗೆಯಬೇಕು. ಮೊದಲೇ ತೊಟ್ಟು ಕಿತ್ತರೆ ಆ ಗಾಯದ ಮೂಲಕ ನೀರು ಒಳಹೊಕ್ಕು ರುಚಿ ತೆಳುವಾಗುತ್ತದೆ. ಹಣ್ಣನ್ನು ನಾಲ್ಕಾಗಿ ಕತ್ತರಿಸಿ, ಸಕ್ಕರೆ ಮತ್ತು ಉಪ್ಪನ್ನು ಬೆರೆಸಿ ಅರ್ಧ ಗಂಟೆ ಮುಚ್ಚಿಡಿ. ಸಕ್ಕರೆ ಹಣ್ಣಿನೊಳಗಿನ ನೀರನ್ನು ಹೊರಗೆಳೆಯುವುದರಿಂದ ಪಾತ್ರೆಯ ತಳದಲ್ಲಿ ಕೆಂಪು ರಸ ನಿಲ್ಲುತ್ತದೆ. ಈ ಕಾಯುವಿಕೆಯನ್ನು ಅವಸರದಲ್ಲಿ ಬಿಟ್ಟುಬಿಡುವವರಿದ್ದಾರೆ. ರಸ ತಾನಾಗಿ ಇಳಿದಷ್ಟೂ ಹಣ್ಣನ್ನು ಬೇಯಿಸುವ ಸಮಯ ಕಡಿಮೆಯಾಗುತ್ತದೆ, ಬೇಯುವ ಸಮಯ ಕಡಿಮೆಯಾದಷ್ಟೂ ತಾಜಾ ಹಣ್ಣಿನ ಪರಿಮಳ ಉಳಿಯುತ್ತದೆ. ಆದ್ದರಿಂದ ಈ ಅರ್ಧ ಗಂಟೆ ವ್ಯರ್ಥವಲ್ಲ.

ಬಳಿಕ 60 ಮಿಲಿಲೀಟರ್ ನೀರು ಸೇರಿಸಿ ಮಧ್ಯಮ ಉರಿಯಲ್ಲಿಡಿ. ಅಂಚಿನಲ್ಲಿ ಗುಳ್ಳೆಗಳು ಕಾಣಿಸಿಕೊಂಡ ಮೇಲೆ ಉರಿ ತಗ್ಗಿಸಿ, ಎಂಟರಿಂದ ಹತ್ತು ನಿಮಿಷ ಮೆಲ್ಲನೆ ಬೇಯಲು ಬಿಡಿ. ಮೇಲೆ ತೇಲುವ ನೊರೆಯನ್ನು ಆಗಾಗ ಚಮಚದಿಂದ ತೆಗೆಯುತ್ತಿರಬೇಕು. ಅದು ಹಾಗೇ ಉಳಿದರೆ ಸಣ್ಣ ಗುಳ್ಳೆಗಳಾಗಿ ಗ್ಲೇಜಿನೊಳಗೆ ಸೇರಿಕೊಂಡು ಪದರವನ್ನು ಮಬ್ಬಾಗಿಸುತ್ತದೆ. ಹಣ್ಣು ಬಿಳಿಚಿಕೊಂಡು ರಸ ಗಾಢ ಕೆಂಪಾದಾಗ ಈ ಹಂತ ಮುಗಿಯಿತು.

ಸೋಸುವ ಹಂತಕ್ಕೆ ಹೆಚ್ಚಿನ ಗಮನ ಕೊಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಜರಡಿಯ ಮೇಲೆ ಒದ್ದೆ ಮಾಡಿ ಹಿಂಡಿದ ತೆಳುಬಟ್ಟೆಯನ್ನು ಹಾಸಿ, ಬೆಂದ ಹಣ್ಣನ್ನು ಅದರಲ್ಲಿ ಸುರಿದು, ರಸ ತನ್ನಷ್ಟಕ್ಕೆ ಇಳಿಯಲು ಬಿಡಬೇಕು. ಚಮಚದಿಂದ ಒತ್ತಿದರೆ ಅಥವಾ ಬಟ್ಟೆಯನ್ನು ಹಿಂಡಿದರೆ ರಸ ಹೆಚ್ಚು ಸಿಗುತ್ತದೆ ನಿಜ, ಆದರೆ ತಿರುಳಿನ ಸಣ್ಣ ಕಣಗಳೂ ಜೊತೆಗೆ ಇಳಿದು ಗ್ಲೇಜ್ ಕದಡುತ್ತದೆ. ಹಣ್ಣುಗಳನ್ನು ಜೋಡಿಸಿದ ಟಾರ್ಟಿಗೆ ಪಾರದರ್ಶಕ ಪದರ ಬೇಕಾದರೆ ಒತ್ತಬೇಡಿ. ಚೀಸ್‌ಕೇಕಿನ ಮೇಲೆ ದಪ್ಪವಾಗಿ ಸುರಿಯುವುದಿದ್ದರೆ ಬಟ್ಟೆಯಿಲ್ಲದೆ ಜರಡಿಯಲ್ಲಿ ಒತ್ತಿ ಸೋಸಿದರೂ ನಡೆಯುತ್ತದೆ, ಅಲ್ಲಿ ತಿಳಿತನಕ್ಕಿಂತ ಹಣ್ಣಿನ ತುಂಬುತನವೇ ಮುಖ್ಯ. ಜರಡಿಯಲ್ಲಿ ಉಳಿದ ತಿರುಳನ್ನು ಮೊಸರಿಗೆ ಬೆರೆಸಿ ತಿನ್ನಬಹುದು.

ಈಗ ರಸವನ್ನು ಅಳೆಯಿರಿ. ಪ್ರತಿ 250 ಮಿಲಿಲೀಟರ್ ರಸಕ್ಕೆ 8 ಗ್ರಾಂ ಕಾರ್ನ್‌ಫ್ಲೋರ್, ಎಂದರೆ ಮಟ್ಟಸವಾದ ಒಂದು ದೊಡ್ಡ ಚಮಚ ಹಾಕಿದರೆ ಸುರಿಯುವ ಹದ ಬರುತ್ತದೆ. ಬ್ರಷ್‌ನಿಂದ ತೆಳುವಾಗಿ ಹಚ್ಚಲು 5ರಿಂದ 6 ಗ್ರಾಂ ಸಾಕು. ಚಮಚದಿಂದ ಹರಡಿ ನಿಲ್ಲಿಸಬೇಕಾದ ದಪ್ಪ ಪದರಕ್ಕೆ 12 ಗ್ರಾಂವರೆಗೆ ಹೋಗಬಹುದು. ಕಾರ್ನ್‌ಫ್ಲೋರನ್ನು ಬಿಸಿ ರಸಕ್ಕೆ ನೇರವಾಗಿ ಉದುರಿಸಿದರೆ ಪ್ರತಿ ಚೂರಿನ ಹೊರಮೈ ತಕ್ಷಣ ಬೆಂದು, ಒಳಗಿನ ಒಣಪುಡಿ ಹಾಗೆಯೇ ಸಿಕ್ಕಿಕೊಂಡು ಗಂಟು ಕಟ್ಟುತ್ತದೆ. ಅದಕ್ಕಾಗಿ ಪುಡಿಯ ಎರಡರಿಂದ ಮೂರು ಪಟ್ಟು ತಣ್ಣೀರಿನಲ್ಲಿ ಅದನ್ನು ನಯವಾಗಿ ಕದಡಿ ಇಟ್ಟುಕೊಳ್ಳಬೇಕು. ಪಿಷ್ಟ ಬೇಗ ತಳಕ್ಕೆ ಇಳಿಯುವುದರಿಂದ ಸುರಿಯುವ ಮುನ್ನ ಮತ್ತೊಮ್ಮೆ ಕದಡುವುದನ್ನು ಮರೆಯಬಾರದು.

ಸೋಸಿದ ರಸವನ್ನು ಮರಳಿ ಒಲೆಯ ಮೇಲಿಟ್ಟು, ಸಣ್ಣಗೆ ಕುದಿ ಬಂದಾಗ ಪಿಷ್ಟದ ನೀರನ್ನು ಸಣ್ಣ ಧಾರೆಯಾಗಿ ಹಾಕುತ್ತಾ ಕೈಯಾಡಿಸುತ್ತಲೇ ಇರಿ. ಪಿಷ್ಟದ ಕಣಗಳು ಸುಮಾರು 65 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ನೀರು ಹೀರಿ ಉಬ್ಬತೊಡಗುತ್ತವೆ, 95 ಡಿಗ್ರಿ ಸಮೀಪಿಸುವ ಹೊತ್ತಿಗೆ ತಮ್ಮ ಪೂರ್ಣ ಶಕ್ತಿ ತೋರುತ್ತವೆ. ಮೊದಲಿಗೆ ಹಾಲು ಬೆರೆಸಿದಂತೆ ಬಿಳಿಚಿಕೊಂಡ ರಸ ನೋಡನೋಡುತ್ತಿದ್ದಂತೆ ತಿಳಿಯಾಗಿ, ಮಿನುಗಿ, ಚಮಚಕ್ಕೆ ಅಂಟತೊಡಗುತ್ತದೆ. ಆ ತಿಳಿತನವೇ ಪಿಷ್ಟ ಬೆಂದಿದೆ ಎಂಬುದರ ಸೂಚನೆ. ಅಲ್ಲಿಂದ ಇನ್ನೊಂದು ನಿಮಿಷ ಮೆಲ್ಲನೆ ಕುದಿಸಿ ಇಳಿಸಿ. ಒಂದು ನಿಮಿಷಕ್ಕಿಂತ ಮೊದಲೇ ಇಳಿಸಿದರೆ ಹಸಿಹಿಟ್ಟಿನ ರುಚಿ ಉಳಿಯುತ್ತದೆ, ಆರಿದ ಮೇಲೆ ನೀರೊಡೆಯುತ್ತದೆ. ಐದಾರು ನಿಮಿಷ ಜೋರಾಗಿ ಕುದಿಸಿ ಬಿರುಸಾಗಿ ಕಲಕಿದರೆ ಉಬ್ಬಿದ ಕಣಗಳೇ ಒಡೆದು ಗ್ಲೇಜ್ ಮತ್ತೆ ತೆಳ್ಳಗಾಗುತ್ತದೆ.

ನಿಂಬೆರಸಕ್ಕೆ ಸಲ್ಲುವ ಸಮಯ ಒಲೆಯಿಂದ ಇಳಿಸಿದ ನಂತರ. ಆಮ್ಲದೊಂದಿಗೆ ಬಹಳ ಹೊತ್ತು ಕುದಿದ ಪಿಷ್ಟ ತುಂಡಾಗುತ್ತಾ ಗಟ್ಟಿಗೊಳಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ; ನಿಂಬೆಯ ಪರಿಮಳವೂ ಕುದಿಯಲ್ಲಿ ಆವಿಯಾಗಿ ಹೋಗುತ್ತದೆ. ಈ ಹಂತದಲ್ಲಿ ರುಚಿ ನೋಡುವಾಗ ಒಂದು ಚಮಚವನ್ನು ಆರಿಸಿ ನೋಡಿ. ಬಿಸಿಯಾಗಿದ್ದಾಗ ಸಿಹಿ ಹೆಚ್ಚಾಗಿ ತೋರುತ್ತದೆ, ತಣ್ಣಗಾದಾಗ ನಾಲಿಗೆಗೆ ಅದು ಕಡಿಮೆ ತಿಳಿಯುತ್ತದೆ. ಸಕ್ಕರೆ ಬೇಕೆನಿಸಿದರೆ ಈಗ ಸೇರಿಸುವುದರಲ್ಲಿ ಒಂದು ಲಾಭವೂ ಇದೆ: ಆರಂಭದಲ್ಲೇ ಸಕ್ಕರೆ ಅತಿಯಾದರೆ ಅದು ನೀರಿಗಾಗಿ ಪಿಷ್ಟದೊಂದಿಗೆ ಪೈಪೋಟಿ ನಡೆಸಿ, ಪಿಷ್ಟ ಉಬ್ಬುವುದನ್ನು ತಡಮಾಡುತ್ತದೆ.

ಹದ ನೋಡಲು, ಹದಿನೈದು ನಿಮಿಷ ಮೊದಲೇ ಫ್ರಿಜ್‌ನಲ್ಲಿಟ್ಟ ತಟ್ಟೆಯ ಮೇಲೆ ಅರ್ಧ ಚಮಚ ಗ್ಲೇಜ್ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಎರಡು ಕ್ಷಣ ನಿಂತು ನಿಧಾನವಾಗಿ ಮುಚ್ಚಿಕೊಂಡರೆ ಸುರಿಯುವ ಹದ. ಮುಚ್ಚಿಕೊಳ್ಳದೆ ಹಾಗೇ ನಿಂತರೆ ಹರಡುವ ಹದ. ಪಾತ್ರೆಯೊಳಗಿನ ಬಿಸಿ ಗ್ಲೇಜನ್ನು ನೋಡಿ ಹದ ನಿರ್ಧರಿಸುವುದು ಸರಿಯಲ್ಲ, ಆರಿದಂತೆ ಅದು ಖಂಡಿತ ಇನ್ನಷ್ಟು ಗಟ್ಟಿಯಾಗುತ್ತದೆ.

ಹಣ್ಣು ಬದಲಾದಾಗ

ರಾಸ್‌ಬೆರಿ ಮತ್ತು ಬ್ಲ್ಯಾಕ್‌ಬೆರಿಗಳಲ್ಲಿ ಬೀಜ ಹೆಚ್ಚು, ಹುಳಿಯೂ ಹೆಚ್ಚು. ಸಕ್ಕರೆಯನ್ನು ಹಣ್ಣಿನ ನಾಲ್ಕನೇ ಒಂದು ಭಾಗಕ್ಕೆ ಏರಿಸಿ, ನಿಂಬೆರಸವನ್ನು ಅರ್ಧಕ್ಕೆ ಇಳಿಸಬಹುದು. ಬ್ಲೂಬೆರಿಯ ಬಣ್ಣವೆಲ್ಲ ಸಿಪ್ಪೆಯಲ್ಲಿರುವುದರಿಂದ ಹಣ್ಣು ಒಡೆದು ರಸ ಗಾಢವಾಗುವವರೆಗೆ ಬೇಯಿಸಬೇಕು.

ಮಾವು, ಪೀಚ್, ಏಪ್ರಿಕಾಟ್‌ನಂಥ ತಿರುಳುಳ್ಳ ಹಣ್ಣುಗಳ ದಾರಿ ಬೇರೆ. ಇವುಗಳಿಂದ ತಿಳಿರಸ ತೆಗೆಯುವ ಪ್ರಯತ್ನ ಬೇಡ; ರುಬ್ಬಿ, ನಾರು ಉಳಿಯದಂತೆ ಜರಡಿಯಲ್ಲಿ ಸೋಸಿ, 250 ಗ್ರಾಂ ತಿರುಳಿಗೆ 60ರಿಂದ 80 ಮಿಲಿಲೀಟರ್ ನೀರು ಸೇರಿಸಿ. ತಿರುಳೇ ಅರ್ಧ ಗಟ್ಟಿತನ ಕೊಡುವುದರಿಂದ ಕಾರ್ನ್‌ಫ್ಲೋರ್ 4ರಿಂದ 5 ಗ್ರಾಂ ಮೀರಬಾರದು. ಇವುಗಳ ಹಳದಿ ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳು ಸ್ವಲ್ಪ ಹೊತ್ತಿನ ಬೇಯುವಿಕೆಗೆ ಅಷ್ಟಾಗಿ ಮಾಸುವುದಿಲ್ಲ, ಆದ್ದರಿಂದ ಬಣ್ಣದ ಚಿಂತೆ ಕಡಿಮೆ. ಮಾಗಿದ ಮಾವಿನಲ್ಲಿ ಹುಳಿ ಕಡಿಮೆಯಿರುವುದರಿಂದ ನಿಂಬೆರಸವನ್ನು ಮಾತ್ರ ಧಾರಾಳವಾಗಿ ಹಾಕಬೇಕು.

ಕಿತ್ತಳೆ ಮತ್ತು ನಿಂಬೆಯ ಗ್ಲೇಜ್ ಹಣ್ಣಿನ ಪರಿಮಳದಿಂದಲೇ ಬದುಕುವಂಥದ್ದು. ರಸವನ್ನೆಲ್ಲ ಕುದಿಸಿದರೆ ಆ ಪರಿಮಳ ಉಳಿಯುವುದಿಲ್ಲ. ನಾಲ್ಕರಲ್ಲಿ ಮೂರು ಪಾಲು ರಸವನ್ನು ಪಿಷ್ಟದೊಂದಿಗೆ ಬೇಯಿಸಿ, ಸ್ವಲ್ಪ ಆರಿದ ಮೇಲೆ ಉಳಿದ ಒಂದು ಪಾಲನ್ನೂ ನುಣ್ಣಗೆ ತುರಿದ ಹೊರಸಿಪ್ಪೆಯನ್ನೂ ಸೇರಿಸುವ ಕ್ರಮವೇ ನನಗೆ ಸರಿಯೆನಿಸುತ್ತದೆ. ತುರಿಯುವಾಗ ಬಣ್ಣದ ಮೇಲ್ಪದರ ಮಾತ್ರ ಬರಲಿ. ಅದರ ಕೆಳಗಿನ ಬಿಳಿ ಭಾಗ ಕಹಿ. ಕಿವಿ ಹಣ್ಣಿನ ಹಸಿರು ಹುಳಿಯೊಂದಿಗೆ ಬಿಸಿಯಾದಾಗ ಪಾಚಿಯ ಬಣ್ಣಕ್ಕೆ ತಿರುಗುವುದರಿಂದ ಅದನ್ನು ಬೇಯಿಸದೆಯೇ ಬಳಸುವುದು ಉತ್ತಮ, ಅಗರ್ ಅಗರ್ ಅದಕ್ಕೆ ದಾರಿ ಮಾಡಿಕೊಡುತ್ತದೆ.

ಪಿಷ್ಟವಿಲ್ಲದ ಗ್ಲೇಜ್‌ಗಳು

ಹೊತ್ತಿಲ್ಲದಾಗ ಜಾಮ್ ಅತ್ಯಂತ ಸುಲಭದ ದಾರಿ. 150 ಗ್ರಾಂ ಜಾಮಿಗೆ ಎರಡು ದೊಡ್ಡ ಚಮಚ ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕುದಿಗೆ ತಂದು, ಜರಡಿಯಲ್ಲಿ ಸೋಸಿ, ಬಿಸಿಯಿರುವಾಗಲೇ ಬ್ರಷ್‌ನಿಂದ ಹಚ್ಚಬೇಕು. ಜಾಮಿನಲ್ಲಿರುವ ಪೆಕ್ಟಿನ್ ಆರಿದಂತೆ ಮತ್ತೆ ಬಿಗಿಯುತ್ತದೆ. ಯಾವ ಹಣ್ಣಿನ ಮೇಲಾದರೂ ಹೊಂದಿಕೊಳ್ಳುವುದು ಏಪ್ರಿಕಾಟ್ ಜಾಮ್, ಏಕೆಂದರೆ ಅದರ ತಿಳಿಬಣ್ಣವೂ ಸೌಮ್ಯ ರುಚಿಯೂ ಕೆಳಗಿನ ಹಣ್ಣನ್ನು ಮರೆಮಾಚುವುದಿಲ್ಲ.

ಮನೆಯಲ್ಲೇ ಪೆಕ್ಟಿನ್ ಪಡೆಯಬೇಕೆಂದರೆ ಸೇಬಿನ ಸಿಪ್ಪೆ ಮತ್ತು ಬೀಜದ ಸುತ್ತಲಿನ ಗಟ್ಟಿ ಭಾಗವನ್ನು ಎಸೆಯಬೇಡಿ. ಅವು ಮುಳುಗುವಷ್ಟು ನೀರು, ಸ್ವಲ್ಪ ನಿಂಬೆರಸ ಹಾಕಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ಹಿಂಡದೆ ಸೋಸಿದರೆ ತುಸು ಲೋಳೆಯಾದ ತಿಳಿ ದ್ರವ ಸಿಗುತ್ತದೆ. ಸೇಬು, ಸೀಬೆ, ಕ್ರ್ಯಾನ್‌ಬೆರಿ, ಕಿತ್ತಳೆ ಜಾತಿಯ ಹಣ್ಣುಗಳ ಸಿಪ್ಪೆಯಲ್ಲಿ ಪೆಕ್ಟಿನ್ ಹೆಚ್ಚು. ಸ್ಟ್ರಾಬೆರಿ, ಚೆರಿ, ಪೀಚ್‌ಗಳಲ್ಲಿ ಕಡಿಮೆ. ಈ ದ್ರವವನ್ನು ಸ್ಟ್ರಾಬೆರಿ ರಸಕ್ಕೆ ಸಮಪ್ರಮಾಣದಲ್ಲಿ ಬೆರೆಸಿ, ಒಟ್ಟು ಅಳತೆಯ ಮುಕ್ಕಾಲು ಪಾಲು ಸಕ್ಕರೆ ಹಾಕಿ, 104ರಿಂದ 105 ಡಿಗ್ರಿ ತಲುಪುವವರೆಗೆ ಕುದಿಸಿದರೆ ಪಿಷ್ಟದ ಹಂಗಿಲ್ಲದೆ ಗಟ್ಟಿಯಾಗುತ್ತದೆ. ಹಣ್ಣಿನ ಸಹಜ ಪೆಕ್ಟಿನ್ ಬಿಗಿಯಲು ಸಕ್ಕರೆಯೂ ಹುಳಿಯೂ ಹೆಚ್ಚಿನ ಪ್ರಮಾಣದಲ್ಲಿ ಬೇಕಾಗುವುದರಿಂದ ಇದು ಸಿಹಿ ಮುಂದಾದ ಗ್ಲೇಜ್, ಬ್ರಷ್‌ನಿಂದ ತೆಳುವಾಗಿ ಹಚ್ಚುವುದಕ್ಕೆ ತಕ್ಕದ್ದು. ಹೊಳಪಿನಲ್ಲಿ ಮಾತ್ರ ಇದಕ್ಕೆ ಸಮನಾದದ್ದು ಇಲ್ಲ ಎಂದೇ ಹೇಳುತ್ತೇನೆ.

ಅಗರ್ ಅಗರ್ ಬಳಸುವಾಗ 250 ಮಿಲಿಲೀಟರ್ ದ್ರವಕ್ಕೆ 1 ಗ್ರಾಂ ಪುಡಿ ಸಾಕು. ಅದನ್ನು ತಣ್ಣನೆಯ ದ್ರವದಲ್ಲೇ ಕದಡಿ, ಕುದಿಗೆ ತಂದು, ಎರಡು ನಿಮಿಷ ಕುದಿಸಬೇಕು. ಬರೀ ಬಿಸಿಯಲ್ಲಿ ಅದು ಕರಗುವುದಿಲ್ಲ. ರಸ ತುಂಬಾ ಹುಳಿಯಾಗಿದ್ದರೆ ಅಥವಾ ಕಿವಿಯಂತೆ ಬೇಯಿಸಬಾರದ ಹಣ್ಣಾಗಿದ್ದರೆ, ಅಗರ್ ಅನ್ನು ಸ್ವಲ್ಪ ನೀರು ಮತ್ತು ಸಕ್ಕರೆಯಲ್ಲಿ ಕುದಿಸಿ, ಕೋಣೆಯ ಶಾಖದಲ್ಲಿರುವ ರಸಕ್ಕೆ ಬೇಗಬೇಗನೆ ಬೆರೆಸಬೇಕು. ರಸ ಫ್ರಿಜ್‌ನಿಂದ ಆಗತಾನೆ ತೆಗೆದದ್ದಾಗಿದ್ದರೆ ಬೆರೆಸುವಾಗಲೇ ಅಲ್ಲಲ್ಲಿ ಹೆಪ್ಪುಗಟ್ಟುತ್ತದೆ. 40 ಡಿಗ್ರಿಗಿಂತ ಕೆಳಗಿಳಿದರೆ ಅಗರ್ ಬಿಗಿಯತೊಡಗುವುದರಿಂದ ಅದು ಸುಮಾರು 50 ಡಿಗ್ರಿ ಇರುವಾಗಲೇ ತಿನಿಸಿನ ಮೇಲೆ ಸುರಿದು ಮುಗಿಸಬೇಕು.

ಜೆಲಾಟಿನ್‌ಗೆ ಕುದಿ ಬೇಡ. 250 ಮಿಲಿಲೀಟರ್ ರಸಕ್ಕೆ 5 ಗ್ರಾಂ ಪುಡಿಯನ್ನು ಎರಡು ದೊಡ್ಡ ಚಮಚ ತಣ್ಣೀರಿನ ಮೇಲೆ ಉದುರಿಸಿ, ಐದರಿಂದ ಹತ್ತು ನಿಮಿಷ ನೆನೆಯಲು ಬಿಟ್ಟು, 60 ಡಿಗ್ರಿಯಷ್ಟು ಬಿಸಿಯಾದ ರಸದಲ್ಲಿ ಕರಗಿಸಬೇಕು. ಇಲ್ಲಿ ಒಂದು ಎಚ್ಚರಿಕೆ ತೀರಾ ಅಗತ್ಯ: ಹಸಿ ಅನಾನಸ್, ಪಪ್ಪಾಯಿ, ಕಿವಿ ಮತ್ತು ಅಂಜೂರಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ, ಜೆಲಾಟಿನ್ ಕೂಡ ಪ್ರೋಟೀನೇ ಆದ್ದರಿಂದ ಈ ಹಣ್ಣುಗಳ ಹಸಿರಸದಲ್ಲಿ ಅದು ಎಷ್ಟು ಹೊತ್ತು ಕಾದರೂ ಗಟ್ಟಿಯಾಗುವುದಿಲ್ಲ. ರಸವನ್ನು ಮೊದಲು ಐದು ನಿಮಿಷ ಕುದಿಸಿದರೆ ಆ ಕಿಣ್ವಗಳು ನಿಷ್ಕ್ರಿಯವಾಗುತ್ತವೆ. ಅಗರ್ ಪ್ರೋಟೀನ್ ಅಲ್ಲದಿರುವುದರಿಂದ ಅದಕ್ಕೆ ಈ ತೊಂದರೆಯಿಲ್ಲ.

ಇನ್ನು ಡೋನಟ್, ಮಫಿನ್‌ಗಳ ಮೇಲೆ ಬಿಡುವ ಐಸಿಂಗ್ ಸಕ್ಕರೆಯ ಗ್ಲೇಜಿಗೆ ಒಲೆಯೇ ಬೇಕಿಲ್ಲ: 120 ಗ್ರಾಂ ಸಕ್ಕರೆಗೆ 20 ಮಿಲಿಲೀಟರಿನಿಂದ ಆರಂಭಿಸಿ ಹನಿಹನಿಯಾಗಿ ಹಣ್ಣಿನ ರಸ ಸೇರಿಸುತ್ತಾ ಹೋಗುವುದು. ಇದು ಪಾರದರ್ಶಕವಾಗದೆ ತೆಳುಬಣ್ಣದಲ್ಲಿ ಒಣಗುತ್ತದೆ.

ತಿನಿಸಿನ ಮೇಲೆ ಹಚ್ಚುವುದು

ಕೇಕ್ ಪೂರ್ತಿ ಆರಿರಬೇಕು. ಬಿಸಿ ಕೇಕ್ ಗ್ಲೇಜನ್ನು ಹೀರಿಕೊಂಡು ಮೇಲ್ಮೈ ಒದ್ದೆಯಾಗುತ್ತದೆ, ಹೊಳಪು ನಿಲ್ಲುವುದಿಲ್ಲ. ಮೇಲಿನ ಪುಡಿಚೂರುಗಳನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಟಾರ್ಟಿನ ಹಣ್ಣುಗಳನ್ನು ಬಟ್ಟೆ ಅಥವಾ ಕಾಗದದಿಂದ ಒತ್ತಿ ಒಣಗಿಸಿ, ಏಕೆಂದರೆ ಹಣ್ಣಿನ ಮೇಲೆ ನೀರಿನ ಪಸೆ ಇದ್ದರೆ ಗ್ಲೇಜ್ ಹಿಡಿಯದೆ ಜಾರುತ್ತದೆ.

ಪಿಷ್ಟದ ಗ್ಲೇಜ್ ಬೆರಳಿಗೆ ಬೆಚ್ಚಗೆ ತಾಗುವಷ್ಟು, ಅಂದರೆ 40 ಡಿಗ್ರಿಯ ಆಸುಪಾಸಿನಲ್ಲಿರುವಾಗ ಸುರಿಯುವುದು ಸರಿ. ಚೀಸ್‌ಕೇಕ್ ಅಥವಾ ಕೆನೆಯ ತಿನಿಸಾದರೆ ಇನ್ನೂ ತಣಿಯಲಿ, ಬಿಸಿ ಹೆಚ್ಚಿದ್ದರೆ ಕೆಳಗಿನ ಕೆನೆ ಕರಗುತ್ತದೆ. ಜೆಲಾಟಿನ್‌ನದ್ದು 30 ಡಿಗ್ರಿಗೆ ಇಳಿದಿರಬೇಕು, ತಿನಿಸು ಚೆನ್ನಾಗಿ ತಣ್ಣಗಿರಬೇಕು. ಆಗ ತಗುಲಿದ ತಕ್ಷಣ ಅದು ಹಿಡಿದು ನಿಲ್ಲುತ್ತದೆ. ಸುರಿಯುವಾಗ ನಡುವಿನಿಂದ ಆರಂಭಿಸಿ ಸುತ್ತುತ್ತಾ ಅಂಚಿಗೆ ಹೋಗಬೇಕು, ಒಮ್ಮೆ ಹರಡಿದ ಪದರವನ್ನು ಮತ್ತೆ ಮತ್ತೆ ಮುಟ್ಟಬಾರದು. ಬ್ರಷ್ ಬಳಸುವಾಗ ಹಣ್ಣನ್ನು ಉಜ್ಜದೆ, ಗ್ಲೇಜನ್ನು ಮೆಲ್ಲನೆ ಮುಟ್ಟಿಸಿ ಬಿಡುತ್ತಾ ಒಂದೇ ದಿಕ್ಕಿನಲ್ಲಿ ಸಾಗಬೇಕು. ದಪ್ಪನೆಯ ಒಂದು ಪದರಕ್ಕಿಂತ, ಹತ್ತು ನಿಮಿಷ ಬಿಟ್ಟು ಹಚ್ಚಿದ ಎರಡು ತೆಳುಪದರಗಳು ಹೆಚ್ಚು ಮಿನುಗುತ್ತವೆ, ತಿನ್ನುವಾಗ ಅಂಟಂಟು ಅನಿಸುವುದಿಲ್ಲ. ನಂತರ ತಿನಿಸನ್ನು ಒಂದೆರಡು ಗಂಟೆ ಫ್ರಿಜ್‌ನಲ್ಲಿಡಿ.

ಹದ ತಪ್ಪಿದಾಗ

ಗಂಟು ಕಟ್ಟಿದ ಗ್ಲೇಜನ್ನು ಬಿಸಿಯಿರುವಾಗಲೇ ಜರಡಿಯಲ್ಲಿ ಸೋಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮಿಕ್ಸಿಗೆ ಹಾಕುವುದು ಬೇಡ, ಗಾಳಿ ಸೇರಿ ನೊರೆಯಾಗುತ್ತದೆ. ತುಂಬಾ ತೆಳ್ಳಗಿದ್ದರೆ ಮೊದಲು ಪೂರ್ತಿ ಆರಿಸಿ ನೋಡಿ. ಆಗಲೂ ನೀರಾಗಿದ್ದರೆ 2 ಗ್ರಾಂ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಹಾಕಿ ಇನ್ನೊಮ್ಮೆ ಒಂದು ನಿಮಿಷ ಕುದಿಸಿ. ಅತಿ ಗಟ್ಟಿಯಾಗಿದ್ದರೆ ನೀರಿನ ಬದಲು ಬಿಸಿಮಾಡಿದ ಹಣ್ಣಿನ ರಸವನ್ನೇ ಒಂದೊಂದು ಚಮಚ ಬೆರೆಸಿದರೆ ರುಚಿ ತೆಳುವಾಗುವುದಿಲ್ಲ.

ಮಬ್ಬಾಗಿ ಕಂಡರೆ ಪಿಷ್ಟ ಪೂರ್ತಿ ಬೆಂದಿಲ್ಲದಿರುವ ಸಾಧ್ಯತೆಯೇ ಹೆಚ್ಚು, ಇನ್ನೊಮ್ಮೆ ಕುದಿಗೆ ತಂದು ನೋಡಿ. ಆಮೇಲೂ ತಿಳಿಯಾಗದಿದ್ದರೆ ರಸದಲ್ಲಿ ತಿರುಳು ಉಳಿದಿದೆ ಎಂದರ್ಥ. ಅದನ್ನು ಈ ಹಂತದಲ್ಲಿ ತೆಗೆಯಲಾಗದು, ಚೀಸ್‌ಕೇಕಿನಂಥ ತಿನಿಸಿಗೆ ಬಳಸಿಕೊಳ್ಳಿ. ಮೇಲ್ಮೈಯಲ್ಲಿ ಗುಳ್ಳೆಗಳಿದ್ದರೆ ಗ್ಲೇಜನ್ನು ಹತ್ತು ನಿಮಿಷ ಕದಲಿಸದೆ ಇಟ್ಟು, ಪಾತ್ರೆಯನ್ನು ಕಟ್ಟೆಯ ಮೇಲೆ ಎರಡು ಬಾರಿ ಮೆಲ್ಲನೆ ಕುಟ್ಟಿದರೆ ಅವು ಮೇಲೆದ್ದು ಒಡೆಯುತ್ತವೆ. ಹಚ್ಚಿದ ಮಾರನೆಯ ದಿನ ಟಾರ್ಟಿನ ತಳದಲ್ಲಿ ನೀರು ನಿಂತರೆ ಅದು ಹಲವು ಬಾರಿ ಗ್ಲೇಜಿನ ದೋಷವಾಗಿರದೆ, ಕತ್ತರಿಸಿದ ಹಣ್ಣಿನಿಂದ ಸಕ್ಕರೆ ಸೆಳೆದ ನೀರಾಗಿರುತ್ತದೆ. ತಾಜಾ ಹಣ್ಣಿನ ಟಾರ್ಟನ್ನು ಬಡಿಸುವ ದಿನವೇ ಜೋಡಿಸಿ ಗ್ಲೇಜ್ ಹಚ್ಚುವುದೇ ಇದಕ್ಕೆ ಪರಿಹಾರ. ಅಗರ್ ಅಥವಾ ಜೆಲಾಟಿನ್ ಪದರ ಹಚ್ಚುವ ಮೊದಲೇ ಬಿಗಿದುಹೋದರೆ ಅವನ್ನು ಮತ್ತೆ ಕರಗಿಸಬಹುದು, ಆದರೆ ಅಗರ್‌ಗೆ ಕುದಿಯೇ ಬೇಕು, ಜೆಲಾಟಿನ್‌ಗೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟರೆ ಸಾಕು.

ಉಳಿದದ್ದನ್ನು ಇಟ್ಟುಕೊಳ್ಳುವುದು

ಗ್ಲೇಜನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡದೆ, ಒಣಗಿದ ಶುದ್ಧ ಗಾಜಿನ ಬಾಟಲಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಬೇಕು. ಮೇಲೆ ಕೆನೆಗಟ್ಟದಂತೆ ಅಡುಗೆಯ ಪ್ಲಾಸ್ಟಿಕ್ ಹಾಳೆಯನ್ನು ಗ್ಲೇಜಿನ ಮೈಗೆ ತಾಗಿಸಿ ಹೊದಿಸುವುದು ಉಪಯುಕ್ತ. ಪಿಷ್ಟದ್ದು ನಾಲ್ಕು ದಿನ ಚೆನ್ನಾಗಿರುತ್ತದೆ. ಸಕ್ಕರೆ ಹೆಚ್ಚಿರುವ ಜಾಮ್ ಮತ್ತು ಪೆಕ್ಟಿನ್ ಗ್ಲೇಜ್‌ಗಳು ಎರಡು ವಾರದವರೆಗೆ ಇರುತ್ತವೆ. ವಾಸನೆ ಬದಲಾಗಿದ್ದರೆ ಅಥವಾ ಬೂಷ್ಟಿನ ಒಂದು ಚುಕ್ಕೆ ಕಂಡರೂ ಆ ಭಾಗವನ್ನಷ್ಟೇ ತೆಗೆದು ಬಳಸದೆ ಪೂರ್ತಿ ಎಸೆಯಬೇಕು. ಮುಂಚಿತವಾಗಿ ಮಾಡಿಟ್ಟುಕೊಳ್ಳುವ ಇಚ್ಛೆಯಿದ್ದರೆ ಪಿಷ್ಟ ಹಾಕುವ ಮೊದಲಿನ ಸೋಸಿದ ರಸವನ್ನೇ ಫ್ರೀಜರಿನಲ್ಲಿಟ್ಟು, ಬೇಕಾದಾಗ ಕರಗಿಸಿ ಉಳಿದ ಹಂತಗಳನ್ನು ಮುಗಿಸುವುದು ಜಾಣತನ. ಫ್ರಿಜ್‌ನಲ್ಲಿ ಬಿಗಿದ ಪಿಷ್ಟದ ಗ್ಲೇಜನ್ನು ಮತ್ತೆ ಬಳಸುವಾಗ ಒಂದು ಚಮಚ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಮೆಲ್ಲನೆ ಕೈಯಾಡಿಸುತ್ತಾ ಬೆಚ್ಚಗಾಗಿಸಿ, ಇನ್ನೊಮ್ಮೆ ಸೋಸಿ ಹಚ್ಚಬೇಕು.